ಸೋಲಾಪುರ ರಸ್ತೆಯ ನರ್ಸರಿಯಿಂದ ತಂದ ಮರಸೇಬು: ಆರು ವರ್ಷಗಳ ನಂತರ ಬರೆಯುತ್ತಿರುವ ವಿಮರ್ಶೆ

ಪುಣೆಯಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಡಪಸರ ಮತ್ತು ಲೋಣಿ ಕಾಳಭೋರ ದಾಟಿ ಉರುಳಿ ಕಾಂಚನ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಮಗ್ಗುಲಿಗೆ ನರ್ಸರಿಗಳ ಸಾಲು ಶುರುವಾಗುತ್ತದೆ. ಪುಣೆಯ ಕನ್ನಡಿಗರಲ್ಲಿ ಹಿತ್ತಲು ಇರುವವರು, ತಾರಸಿಯ ಮೇಲೆ ಕುಂಡ ಇಟ್ಟವರು, ಊರಿಗೆ ಹೋಗುವಾಗ ವಿಜಯಪುರ ಅಥವಾ ಕಲಬುರಗಿಯ ಹೊಲಕ್ಕೆ ಸಸಿ ಒಯ್ಯುವವರು, ಎಲ್ಲರೂ ಅಲ್ಲಿ ಒಮ್ಮೆಯಾದರೂ ಗಾಡಿ ನಿಲ್ಲಿಸಿರುತ್ತಾರೆ. ಆ ಸಾಲಿನ ಒಂದು ನರ್ಸರಿಯಿಂದ ನಾನು 2019ರ ಜನವರಿಯಲ್ಲಿ 650 ರೂಪಾಯಿ ಕೊಟ್ಟು ಮರಸೇಬಿನ ಒಂದು ಕಸಿ ಗಿಡ ತಂದೆ. ಗಿಡಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೀಟಿಯ ಮೇಲೆ ಹಳದಿ ಹಣ್ಣಿನ ಚಿತ್ರವಿತ್ತು, ಅದರ ಕೆಳಗೆ ‘ಕೋಲ್ಡ್ ಹಾರ್ಡಿ ಆಟಮ್ ಪಿಯರ್’, ಅಂದರೆ ಚಳಿ ತಾಳುವ ಶರತ್ಕಾಲದ ನಾಶಪಾತಿ ಎಂದು ಅಚ್ಚಾಗಿತ್ತು. ಅದೇ ಚೀಟಿಯನ್ನು ಅಕ್ಕಪಕ್ಕದ ನರ್ಸರಿಗಳಲ್ಲೂ ಕಂಡಿದ್ದರಿಂದ ಒಬ್ಬರ ಹೆಸರನ್ನೇ ಎತ್ತಿ ಬರೆಯುವುದು ನನಗೆ ಸರಿಯೆನಿಸುವುದಿಲ್ಲ. ಆದರೆ ಗಿಡ ಹೇಗಿತ್ತು, ಮಾರಾಟ ಹೇಗಿತ್ತು, ಆಮೇಲೆ ಏನಾಯಿತು ಎಂಬುದನ್ನು ವಿವರವಾಗಿ ಬರೆಯಬೇಕು, ಏಕೆಂದರೆ ಜನವರಿ ಬಂತೆಂದರೆ ನಮ್ಮವರಲ್ಲಿ ಯಾರಾದರೊಬ್ಬರು ಈ ಗಿಡವನ್ನು ಕೊಳ್ಳುತ್ತಲೇ ಇರುತ್ತಾರೆ.

ಈ ಹಣ್ಣಿನ ಮೇಲೆ ನನಗೆ ಆಸೆ ಹುಟ್ಟಿದ್ದು ಹಿಮಾಚಲದಲ್ಲಿ. ಯಜಮಾನರ ನೌಕರಿಯ ನಿಮಿತ್ತ ನಾವು ಆರು ವರ್ಷ ಶಿಮ್ಲಾ ಜಿಲ್ಲೆಯ ಥಿಯೋಗದಲ್ಲಿದ್ದೆವು. ಬಾಡಿಗೆ ಮನೆಯ ಅಂಗಳದಲ್ಲಿ ಹಳೆಯದೊಂದು ಮರಸೇಬಿನ ಮರವಿತ್ತು. ನವೆಂಬರಿನಲ್ಲಿ ಎಲೆಯೆಲ್ಲ ಉದುರಿ ಬೋಳಾಗುತ್ತಿದ್ದ ಅದು ಹಿಮ ಹೊತ್ತು ಮೂರು ತಿಂಗಳು ನಿಂತು, ಏಪ್ರಿಲ್ ಹೊತ್ತಿಗೆ ಒಂದೇ ವಾರದಲ್ಲಿ ಬುಡದಿಂದ ತುದಿಯವರೆಗೆ ಬಿಳಿ ಹೂವಾಗುತ್ತಿತ್ತು. ಮನೆಯೊಡತಿ ಅಮ್ಮಾಜಿ ಸೆಪ್ಟೆಂಬರ್ ಕೊನೆಯಲ್ಲಿ ನನ್ನನ್ನು ಕರೆದು ಕಾಯಿ ಕೀಳುವುದನ್ನು ಕಲಿಸಿದರು. ಕಾಯಿಯನ್ನು ಎಳೆಯಬಾರದು, ಅಂಗೈಯಲ್ಲಿ ಹಿಡಿದು ಮೆಲ್ಲನೆ ಅಡ್ಡಕ್ಕೆ ಎತ್ತಬೇಕು. ಬಲಿತ ಕಾಯಿಯಾದರೆ ತೊಟ್ಟು ಕೊಂಬೆಯ ಸಂದಿಯಲ್ಲಿ ತಾನಾಗಿ ಬಿಟ್ಟುಕೊಡುತ್ತದೆ, ಬಿಡದಿದ್ದರೆ ಇನ್ನೊಂದು ವಾರ ಕಾಯಬೇಕು. ಕಿತ್ತಾಗ ಅದು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಅಮ್ಮಾಜಿ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಜೋಡಿಸಿ ತಣ್ಣನೆಯ ಕೋಣೆಯಲ್ಲಿ ಇಡುತ್ತಿದ್ದರು. ಮೂರು ನಾಲ್ಕು ವಾರ ಕಳೆದ ಮೇಲೆ ತೊಟ್ಟಿನ ಬಳಿಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು, ಅಲ್ಲಿ ಸ್ವಲ್ಪ ತಗ್ಗಿದರೆ ಹಣ್ಣು ತಿನ್ನಲು ಸಿದ್ಧ. ಯುರೋಪಿನ ಜಾತಿಯ ಮರಸೇಬು ಒಳಗಿನಿಂದ ಹೊರಗೆ ಮಾಗುವ ಹಣ್ಣು. ಮರದಲ್ಲೇ ಬಿಟ್ಟರೆ ಸಿಪ್ಪೆ ಮೆತ್ತಗಾಗುವ ಹೊತ್ತಿಗೆ ಬೀಜದ ಸುತ್ತ ಕಂದು ತಿರುಗಿ ಕೊಳೆತಿರುತ್ತದೆ. ಪುಣೆಯ ಮಾರುಕಟ್ಟೆಗೆ ಮಳೆಗಾಲದಲ್ಲಿ ಬರುವ ನಾಖ್ ಮತ್ತು ಬಬ್ಬುಗೋಶಾ ಎಂಬ ಮರಸೇಬುಗಳನ್ನು ನಾನು ಪ್ರತಿ ವರ್ಷ ಕೊಳ್ಳುತ್ತೇನೆ, ಆದರೆ ಅಕ್ಟೋಬರಿನ ಆ ಪೆಟ್ಟಿಗೆಯ ಪರಿಮಳ ಇಲ್ಲಿ ಸಿಕ್ಕಿಲ್ಲ.

ಹೀಗಾಗಿ ಚೀಟಿಯ ಮೇಲೆ ‘ಆಟಮ್’ ಎಂಬ ಶಬ್ದ ಕಂಡಾಗ ನಾನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಕೇಳಿದ ಒಂದೇ ಪ್ರಶ್ನೆ ಇದು ಪುಣೆಯ ಹವೆಗೆ ಆಗುತ್ತದೆಯೇ ಎಂಬುದು. ಮಾಲೀಕರು, ಹಿಮದಲ್ಲಿ ಬದುಕುವ ಗಿಡಕ್ಕೆ ಇಲ್ಲಿ ಏನೂ ಆಗುವುದಿಲ್ಲ, ಮಹಾಬಳೇಶ್ವರದಲ್ಲಿ ಸ್ಟ್ರಾಬೆರಿ ಬೆಳೆಯುವುದಿಲ್ಲವೇ, ಈಗ ಬಯಲು ಸೀಮೆಯಲ್ಲಿ ಸೇಬೂ ಬೆಳೆಯುತ್ತಿಲ್ಲವೇ ಎಂದು ಮರಾಠಿಯಲ್ಲಿ ಭರವಸೆ ಕೊಟ್ಟರು. ಅವರ ಮೂರು ಮಾತುಗಳೂ ಕೇಳಲು ಸರಿಯಾಗಿಯೇ ಇದ್ದವು, ಮೂರೂ ಈ ಗಿಡಕ್ಕೆ ಹೊಂದುವುದಿಲ್ಲ ಎಂಬುದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಗಿಡದ ಪ್ಯಾಕಿಂಗಿನಲ್ಲಿ ಕೊರತೆ ಇರಲಿಲ್ಲ. ಬೇರಿನ ಮುದ್ದೆ ಒಡೆದಿರಲಿಲ್ಲ, ಕಾಂಡ ಹೆಬ್ಬೆರಳಿನಷ್ಟು ದಪ್ಪವಿತ್ತು, ಕಸಿ ಗಂಟು ಚೆನ್ನಾಗಿ ಕೂಡಿಕೊಂಡಿತ್ತು. ಕೆಲಸದವರು ಗಾಡಿಯವರೆಗೆ ಹೊತ್ತು ತಂದು ಕೊಟ್ಟರು. ಆದರೆ ಕಸಿ ಗಂಟಿನ ಮೇಲೂ ಎರಡು ಬೆರಳು ಮಣ್ಣು ಏರಿಸಿ ಚೀಲ ತುಂಬಿದ್ದರು, ಇದನ್ನು ನಾನು ನೆಡುವಾಗ ಗಮನಿಸಿ ಸರಿಪಡಿಸಿದೆ. ಗಂಟು ಮಣ್ಣಿನೊಳಗೆ ಹೋದರೆ ಮೇಲಿನ ಜಾತಿ ತನ್ನದೇ ಬೇರು ಬಿಡಬಹುದು, ಕೆಳಗಿನ ಕಾಡುಸಸಿಯ ಚಿಗುರು ಎಲ್ಲಿಂದ ಬಂತೆಂಬುದೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆ ಸಿಂಹಗಡ ರಸ್ತೆಯ ಕಡೆಗಿದೆ, ಹಿತ್ತಲಿನದು ಎರೆ ಮಣ್ಣು. ಮೂರು ಅಡಿ ಗುಂಡಿ ತೋಡಿಸಿ, ಗರಸು ಮತ್ತು ಹಳೆಯ ಸೆಗಣಿ ಗೊಬ್ಬರ ಬೆರೆಸಿ, ಮಳೆಗಾಲದ ನೀರು ನಿಲ್ಲದಂತೆ ಏರಿ ಮಾಡಿ ನೆಟ್ಟೆ.

ಮೊದಲ ವರ್ಷ ಗಿಡ ನನ್ನ ಸಂತೋಷವನ್ನು ಇಮ್ಮಡಿ ಮಾಡಿತು. ಮಾರ್ಚ್ ಮೊದಲ ವಾರದಲ್ಲಿ ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆದು ಹೊಳೆಯುವ ಎಲೆ ಬಂತು. ಕನ್ನಡ ಸಂಘದ ಗೆಳತಿಯರಿಗೆ ಫೋಟೋ ಕಳಿಸಿದೆ, ಅದನ್ನು ನೋಡಿ ಇಬ್ಬರು ಅದೇ ನರ್ಸರಿಗೆ ಹೋಗಿ ಅದೇ ಗಿಡ ತಂದರು. ಅದಕ್ಕಾಗಿ ಇಂದಿಗೂ ನನ್ನ ಮನಸ್ಸಿಗೆ ನೋವಿದೆ. ಎರಡನೆಯ ವರ್ಷ ಡಿಸೆಂಬರ್ ಬಂದರೂ ಎಲೆ ಉದುರಲಿಲ್ಲ, ಹಳೆಯ ಎಲೆ ಅಂಚು ಸುಟ್ಟುಕೊಂಡು ಅಂಟಿಕೊಂಡೇ ಇತ್ತು. ಮಾರ್ಚ್ ಕಳೆಯಿತು, ಏಪ್ರಿಲ್ ಕೊನೆಯಲ್ಲಿ ಕೊಂಬೆಗಳ ತುದಿಯಲ್ಲಿ ಮಾತ್ರ ನಾಲ್ಕಾರು ಎಲೆ ಮೂಡಿತು. ನಡುವಿನ ಕಣ್ಣುಗಳು ಕುರುಡಾಗಿಯೇ ಉಳಿದವು. ಮೂರನೆಯ ಬೇಸಿಗೆಯಲ್ಲಿ ನೆರಳಿಲ್ಲದ ಬರಿ ಕೊಂಬೆಗೆ ಮೇ ತಿಂಗಳ ಬಿಸಿಲು ಬಡಿದು ತೊಗಟೆ ಬಿರಿಯಿತು, ಸುಣ್ಣ ಹಚ್ಚಿ ಉಳಿಸಿಕೊಂಡೆ. ಅದೇ ಹೊತ್ತಿಗೆ ಕಸಿ ಗಂಟಿನ ಕೆಳಗಿನಿಂದ ಮುಳ್ಳಿರುವ ಚಿಗುರುಗಳು ಹುರುಪಿನಿಂದ ಎದ್ದವು. ಹಿಮಾಲಯದ ಕಡೆ ಮರಸೇಬನ್ನು ಕೈಂತ್ ಎಂಬ ಕಾಡು ಮರಸೇಬಿನ ಸಸಿಯ ಮೇಲೆ ಕಸಿ ಕಟ್ಟುವುದು ರೂಢಿ, ಮುಳ್ಳು ಆ ಕಾಡುಗಿಡದ್ದು. ಮೇಲಿನ ಜಾತಿ ಸೊರಗಿದಾಗ ಬೇರು ತನ್ನ ಶಕ್ತಿಯನ್ನು ತನ್ನದೇ ಚಿಗುರಿಗೆ ಹರಿಸುತ್ತದೆ. ಹತ್ತು ದಿನಕ್ಕೊಮ್ಮೆ ಅವುಗಳನ್ನು ಬುಡಸಮೇತ ಕಿತ್ತು ಹಾಕುವುದೇ ಒಂದು ಕೆಲಸವಾಯಿತು.

ಆ ವರ್ಷದ ಡಿಸೆಂಬರಿನಲ್ಲಿ ಒಂದು ಕೊಂಬೆಯ ತುದಿಯಲ್ಲಿ ಮಾತ್ರ ಉಳಿದವುಗಳಿಗಿಂತ ದಪ್ಪನೆಯ ಒಂದು ಮೊಗ್ಗು ಕಂಡಿತು. ಮರಸೇಬಿನ ಎಲೆಮೊಗ್ಗು ಸಪೂರ, ಚೂಪು. ಹೂಮೊಗ್ಗು ಗುಂಡಗೆ, ಕಡಲೆಕಾಳಿನ ಹಾಗೆ ಉಬ್ಬಿರುತ್ತದೆ. ಫೆಬ್ರುವರಿ ಕಳೆದು ಮಾರ್ಚ್ ಬಂದರೂ ಅದು ಅರಳಲಿಲ್ಲ. ಬೆರಳು ತಾಗಿಸಿದಾಗ ಕಳಚಿ ಕೈಗೆ ಬಂತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಗಿನ ಪೊರೆಗಳು ಸರಿಯಾಗಿದ್ದವು, ಒಳಗೆ ಹಸಿರು ಇರಬೇಕಾದಲ್ಲಿ ಸಾಸಿವೆ ಗಾತ್ರದ ಐದಾರು ಮುದ್ದೆಗಳು ನಶ್ಯದ ಬಣ್ಣಕ್ಕೆ ತಿರುಗಿ ಒಣಗಿದ್ದವು. ಅವು ಹೂವಾಗಬೇಕಿದ್ದವು. ಚಳಿಗಾಲ ಬೆಚ್ಚಗಿರುವ ಸೀಮೆಗಳಲ್ಲಿ ಮರಸೇಬಿನ ಹೂಮೊಗ್ಗು ಹೀಗೆ ಒಳಗೊಳಗೇ ಸಾಯುವುದು ತೋಟಗಾರಿಕೆಯವರಿಗೆ ಗೊತ್ತಿರುವ ವಿಷಯ.

ಮೊಗ್ಗನ್ನು ಕಾಗದದಲ್ಲಿ ಸುತ್ತಿಕೊಂಡು ನರ್ಸರಿಗೆ ಹೋದೆ. ನನ್ನ ಮುಖ್ಯ ದೂರು ಇರುವುದು ಇಲ್ಲಿ. ಮಾಲೀಕರು ಮೊಗ್ಗನ್ನು ನೋಡದೆಯೇ ನಿಮ್ಮ ಮಣ್ಣಿನಲ್ಲಿ ಬೋರಾನ್ ಕಡಿಮೆ ಎಂದು ಹೇಳಿ 380 ರೂಪಾಯಿಯ ಒಂದು ಬಾಟಲಿ ಕೈಗಿಟ್ಟರು. ನಾನು ಅದನ್ನು ಕೊಳ್ಳದೆ ಹೊರಗೆ ಬಂದಾಗ, ಅಲ್ಲಿ ಇಂಡಿ ತಾಲ್ಲೂಕಿನ ಕಡೆಯ ಹಿರಿಯ ಮಾಲಿಯೊಬ್ಬರು ನನ್ನ ಕೈಯಲ್ಲಿದ್ದ ಕಾಗದವನ್ನು ಬಿಡಿಸಿ ನೋಡಿ ಕನ್ನಡದಲ್ಲಿ ಮಾತಾಡಿದರು.

“ಅಕ್ಕಾರ, ಈ ಗಿಡ ಥಂಡಿ ಬೇಡತೈತ್ರಿ. ಮ್ಯಾಲಿನ ಸೀಮಿಯಿಂದ ಬರೂಮುಂದ ಹೊಟ್ಟಿ ತುಂಬ ಥಂಡಿ ಉಂಡು ಬಂದಿರತೈತಿ, ಅದಕ್ಕ ಮೊದಲನೇ ವರ್ಷ ಛಲೋ ಚಿಗಿತೈತಿ. ಮುಂದ ಇಲ್ಲಿ ಏನ್ ಉಣ್ಣಬೇಕ್ರಿ ಅದು?”

“ಒಯ್ಯುವಾಗಲೇ ಹೇಳಬಾರದಿತ್ತೇನು ಕಾಕಾ?” ಎಂದೆ.

“ನನ್ನ ಯಾರೂ ಕೇಳಂಗಿಲ್ರಿ ಅಕ್ಕಾರ” ಎಂದರು.

ಇಡೀ ವಿಷಯ ಅವರ ಆ ಮಾತಿನಲ್ಲಿದೆ. ಚಳಿಯ ನಾಡಿನ ಹಣ್ಣಿನ ಮರಕ್ಕೆ ಚಳಿಯೊಂದಿಗೆ ಎರಡು ಬೇರೆ ಬೇರೆ ಸಂಬಂಧಗಳಿವೆ, ಒಂದು ತಾಳಿಕೆಯದು, ಇನ್ನೊಂದು ಹಸಿವಿನದು. ‘ಹಾರ್ಡಿ’ ಎಂಬ ಶಬ್ದ ತಾಳಿಕೆಯನ್ನು ಮಾತ್ರ ಹೇಳುತ್ತದೆ, ಎಷ್ಟು ಚಳಿಯವರೆಗೆ ಕಾಂಡ ಸಾಯದೆ ಉಳಿಯುತ್ತದೆ ಎಂಬುದಷ್ಟೇ ಅದರ ಅರ್ಥ. ರಷ್ಯಾದ ದೂರಪೂರ್ವ ಮತ್ತು ಈಶಾನ್ಯ ಚೀನಾದ ಉಸ್ಸೂರಿ ಮರಸೇಬು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ಹಿಂದೆ ಕೊಜ್ಲೋವ್ ಎನಿಸಿಕೊಂಡು 1932ರಲ್ಲಿ ಮಿಚುರಿನ್‌ಸ್ಕ್ ಎಂದು ಹೆಸರು ಬದಲಾದ ಊರಿನಲ್ಲಿ ಸಸ್ಯತಳಿ ತಜ್ಞ ಇವಾನ್ ಮಿಚುರಿನ್ ಆ ಕಾಡುಜಾತಿಯನ್ನು ಪಶ್ಚಿಮ ಯುರೋಪಿನ ರಸಭರಿತ ಜಾತಿಯೊಂದಿಗೆ ಸಂಕರ ಮಾಡಿ ರಷ್ಯಾದ ಚಳಿಗೆ ಸಾಯದ ಮರಸೇಬನ್ನು ಪಡೆದರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರೂ ತಮ್ಮ ಕಡುಚಳಿಗೆ ಹೊಂದುವ ಜಾತಿಗಳನ್ನು ಬಿಡುಗಡೆ ಮಾಡಿದ್ದಾರೆ. ಅಂಥ ನಾಡಿನ ರೈತನಿಗೆ ತಾಳಿಕೆ ಎಂಬುದು ಪ್ರಾಣದ ಪ್ರಶ್ನೆ, ಅವನ ಮಟ್ಟಿಗೆ ಚೀಟಿಯ ಮೇಲಿನ ಆ ಶಬ್ದ ಪೂರ್ಣ ಸತ್ಯ. ಪುಣೆಯಲ್ಲಿ ಮರವನ್ನು ಕೊಲ್ಲುವ ಚಳಿ ಎಂದೂ ಬೀಳುವುದಿಲ್ಲವಾದ್ದರಿಂದ ನಮಗೆ ಆ ಗುಣದಿಂದ ಕಾಸಿನ ಉಪಯೋಗವಿಲ್ಲ.

ನಮಗೆ ಬೇಕಾದ ಲೆಕ್ಕ ಹಸಿವಿನದು. ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋದ ಮರದ ಮೊಗ್ಗು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಇಂತಿಷ್ಟು ತಾಸು ಉಂಡ ಮೇಲೆಯೇ ಎಚ್ಚರಗೊಳ್ಳುತ್ತದೆ. ಅವಧಿಗೆ ಮೊದಲೇ ಬಿಸಿಲು ಕಂಡು ಅರಳಿದರೆ ಮರುದಿನದ ಹಿಮಕ್ಕೆ ಹೂ ಸುಟ್ಟುಹೋಗುವ ನಾಡಿನಲ್ಲಿ ಮರ ಕಲಿತುಕೊಂಡ ಎಚ್ಚರಿಕೆ ಅದು. ಯುರೋಪಿನ ಬಹುತೇಕ ಮರಸೇಬುಗಳಿಗೆ ಇಂಥ ಚಳಿ 600ರಿಂದ 1,200 ತಾಸು ಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಜನವರಿಯಲ್ಲೂ ರಾತ್ರಿಯ ಸರಾಸರಿ ಕನಿಷ್ಠ ತಾಪಮಾನ 11 ಡಿಗ್ರಿಯ ಆಸುಪಾಸು ಇರುತ್ತದೆ. ನಾನು ಮುಂದಿನ ಚಳಿಗಾಲ ಪೂರ್ತಿ ಗಿಡದ ಪಕ್ಕ ಒಂದು ತಾಪಮಾಪಕ ಕಟ್ಟಿ ದಿನವೂ ಬರೆದಿಟ್ಟೆ. 7 ಡಿಗ್ರಿಗಿಂತ ಕೆಳಗೆ ಇಳಿದದ್ದು ಮೂರೇ ಬೆಳಗುಗಳಲ್ಲಿ, ಅದೂ ಸೂರ್ಯೋದಯಕ್ಕೆ ಮುಂಚಿನ ಎರಡು ಮೂರು ತಾಸು ಮಾತ್ರ. ನೂರಾರು ತಾಸು ಕೇಳುವ ಮರಕ್ಕೆ ಹತ್ತು ತಾಸೂ ಸಿಗಲಿಲ್ಲ.

ಮಾಲೀಕರು ಕೊಟ್ಟ ಉದಾಹರಣೆಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮಗೂ ಅವನ್ನೇ ಹೇಳುತ್ತಾರೆ. ಮಹಾಬಳೇಶ್ವರದ ಸ್ಟ್ರಾಬೆರಿಯನ್ನು ಪ್ರತಿ ವರ್ಷ ಮಳೆ ಮುಗಿಯುತ್ತಿದ್ದಂತೆ ಹೊಸದಾಗಿ ನೆಟ್ಟು, ಚಳಿಗಾಲದಲ್ಲಿ ಹಣ್ಣು ಬಿಡಿಸಿ, ಬೇಸಿಗೆಗೆ ಬೆಳೆ ಮುಗಿಸುತ್ತಾರೆ. ವರ್ಷಗಟ್ಟಲೆ ಒಂದೇ ಕಡೆ ನಿಂತು ಪ್ರತಿ ಸಲ ಚಳಿ ಲೆಕ್ಕಹಾಕುವ ಮರದ ಜೊತೆ ಅದನ್ನು ಹೋಲಿಸಲಾಗದು. ಬಯಲು ಸೀಮೆಯ ಸೇಬು ಎಂದರೆ ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ ಅವರು ತಮ್ಮ ಬೆಚ್ಚಗಿನ ತಗ್ಗು ಪ್ರದೇಶದಲ್ಲಿ ಆರಿಸಿ ಬೆಳೆಸಿದ ಎಚ್‌ಆರ್‌ಎಂಎನ್-99. ಕಡಿಮೆ ಚಳಿಯಲ್ಲೂ ಹೂ ಬಿಡುತ್ತದೆಂಬುದೇ ಅದರ ವಿಶೇಷ. ಒಂದು ಸೇಬಿನ ತಳಿಗೆ ಚಳಿಯ ಹಸಿವು ಕಡಿಮೆ ಎಂದಾದರೆ ಹಿಮದ ನಾಡಿನ ಮರಸೇಬಿಗೂ ಕಡಿಮೆ ಎಂದು ಅರ್ಥವಲ್ಲ.

ನಾನು ಬಾಟಲಿ ಕೊಳ್ಳದೆ ಹೋದದ್ದು ಮಾಲೀಕರಿಗೂ ನೆನಪಿತ್ತೆಂದು ತೋರುತ್ತದೆ. 2022ರಲ್ಲಿ ಮತ್ತೆ ಹೋದಾಗ ಅವರು ಹಣ ಹಿಂದಿರುಗಿಸಲು ಒಪ್ಪಲಿಲ್ಲ, ಆದರೆ ಪಂಜಾಬಿನ ಬಯಲಿನಲ್ಲಿ ಬೆಳೆಯುವ ಪತ್ಥರ್‌ನಾಖ್ ಗಿಡವನ್ನು 450 ರೂಪಾಯಿಯ ಬದಲು 300ಕ್ಕೆ ಕೊಟ್ಟರು. ಇದು ಏಷ್ಯಾದ ಮರಳು ಮರಸೇಬಿನ ಗುಂಪಿಗೆ ಸೇರಿದ್ದು, ಚಳಿಯ ಬೇಡಿಕೆ ಸುಮಾರು 150 ತಾಸು. ಹಣ್ಣು ಹೆಸರಿಗೆ ತಕ್ಕಂತೆ ಗಟ್ಟಿ, ಕಚ್ಚಿದರೆ ಕರಕರ ಎನ್ನುತ್ತದೆ, ಥಿಯೋಗದ ಹಣ್ಣಿನ ಬೆಣ್ಣೆಯಂಥ ತಿರುಳು ಇದಕ್ಕಿಲ್ಲ. ಪುಣೆಯಲ್ಲಿ ಆ 150 ತಾಸೂ ಕೂಡುವುದಿಲ್ಲವೆಂಬುದನ್ನು ನಾನು ಅಷ್ಟರಲ್ಲಿ ತಿಳಿದಿದ್ದೆ, ತಿಳಿದೇ ತಂದೆ. ಜಾವಾ ದ್ವೀಪದ ಬಾತು ಎಂಬ ಊರಿನ ಸುತ್ತ ಚಳಿಗಾಲವೇ ಇಲ್ಲದಿದ್ದರೂ ಸೇಬು ಬೆಳೆಯುತ್ತಾರೆ. ಹಣ್ಣು ಬಿಡಿಸಿದ ಮೇಲೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಮರ ಗಾಢ ಸುಪ್ತಾವಸ್ಥೆಗೆ ಇಳಿಯುವ ಮೊದಲೇ ಮೊಗ್ಗುಗಳನ್ನು ಎಬ್ಬಿಸುತ್ತಾರೆ. ನಮ್ಮ ನಾಸಿಕ, ಸಾಂಗಲಿಯ ದ್ರಾಕ್ಷಿ ಬೆಳೆಗಾರರು ಅಕ್ಟೋಬರಿನಲ್ಲಿ ಚಾಟಣಿ ಮಾಡಿದ, ಅಂದರೆ ಕೊಂಬೆ ಕತ್ತರಿಸಿದ ನಂತರ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಅದು ವಿಷ, ಮಕ್ಕಳು ಓಡಾಡುವ ಹಿತ್ತಲಿಗೆ ಬೇಡವೇ ಬೇಡ. ನಾನು ಕೈಯಿಂದ ಎಲೆ ಕೀಳುವ ದಾರಿಯನ್ನಷ್ಟೇ ಹಿಡಿದೆ.

ಹಾಗಾದರೆ ಈ ನರ್ಸರಿಗೆ ಹೋಗಬೇಕೇ? ಮಾವು, ಸೀತಾಫಲ, ಅಂಜೂರ, ಕರಿಬೇವು ಇಂಥವಕ್ಕೆ ಖಂಡಿತ ಹೋಗಬಹುದು. ನಾನು ಅಲ್ಲಿಂದ ತಂದ ಅಂಜೂರ ಎರಡನೆಯ ವರ್ಷವೇ ಫಲ ಕೊಟ್ಟಿದೆ, ಗಿಡದ ಆರೋಗ್ಯದಲ್ಲಿ ಅವರು ಮೋಸ ಮಾಡುವುದಿಲ್ಲ. ಐದರಲ್ಲಿ ಗಿಡದ ಗುಣಮಟ್ಟಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಮಾರುವಾಗ ಕೊಟ್ಟ ಮಾಹಿತಿಗೆ ಒಂದು, ಆಮೇಲಿನ ಸೇವೆಗೆ ಎರಡು. ಚಳಿ ನಾಡಿನ ಯಾವುದೇ ಹಣ್ಣಿನ ಗಿಡ ಕೊಳ್ಳುವಾಗ ಇದಕ್ಕೆ ಎಷ್ಟು ತಾಸು ಥಂಡಿ ಬೇಕು ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬರದಿದ್ದರೆ ಹಣ ಕೊಡಬೇಡಿ. ಚೀಟಿಯ ಮೇಲೆ ಹಣ್ಣಿನ ಚಿತ್ರ ಹಾಕಲು ಜಾಗವಿರುವಾಗ ಒಂದು ಅಂಕಿ ಬರೆಯಲು ಜಾಗವಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಇನ್ನೊಂದು ಸಣ್ಣ ಮಾತು: ಮರಾಠಿಯಲ್ಲಿ ಮರಸೇಬಿಗೆ ಪೇರ್, ಸೀಬೆಗೆ ಪೇರು. ನಮ್ಮ ಧಾರವಾಡದ ಕಡೆಯವರು ಪೇರಲ ಎಂದು ಕರೆಯುವುದೂ ಅದನ್ನೇ ಆದ್ದರಿಂದ, ಫೋನಿನಲ್ಲಿ ಆರ್ಡರ್ ಮಾಡುವಾಗ ನಾಶಪಾತಿ ಎಂದೇ ಹೇಳಿ.

‘ಕೋಲ್ಡ್ ಹಾರ್ಡಿ’ ಚೀಟಿಯ ಗಿಡ ಹಿಮಾಚಲ, ಉತ್ತರಾಖಂಡ, ಕಾಶ್ಮೀರದ ಎತ್ತರದ ಊರುಗಳಲ್ಲಿ ಜಮೀನು ಇರುವವರಿಗೆ ಯೋಗ್ಯ. ಅಲ್ಲಿಯೂ ಒಂದೇ ಗಿಡ ನೆಡಬೇಡಿ. ಬಹುತೇಕ ಮರಸೇಬುಗಳಿಗೆ ಕಾಯಿ ಕಚ್ಚಲು ಅದೇ ಹೊತ್ತಿಗೆ ಅರಳುವ ಬೇರೆ ಜಾತಿಯ ಪರಾಗ ಬೇಕು, ಮರಸೇಬಿನ ಹೂವಿನ ಮಕರಂದದಲ್ಲಿ ಸಕ್ಕರೆ ಕಡಿಮೆಯಾದ್ದರಿಂದ ಜೇನುಹುಳುಗಳು ಅದನ್ನು ಅಷ್ಟಾಗಿ ಮೆಚ್ಚುವುದೂ ಇಲ್ಲ. ನನ್ನ ಮೊದಲ ಗಿಡ ಹಿತ್ತಲಿನಲ್ಲಿ ಈಗಲೂ ಇದೆ, ಏಪ್ರಿಲಿನಲ್ಲಿ ತುದಿಗೆ ನಾಲ್ಕು ಎಲೆ ಬಿಡುತ್ತದೆ. ಕಡಿಯಲು ಮನಸ್ಸು ಬಂದಿಲ್ಲ.

ಪತ್ಥರ್‌ನಾಖ್ ಗಿಡಕ್ಕೆ 2024ರ ನವೆಂಬರಿನಿಂದ ನೀರು ಕಡಿಮೆ ಮಾಡಿ, ಡಿಸೆಂಬರ್ ಎರಡನೆಯ ವಾರ ಎಲೆಗಳನ್ನು ಒಂದೊಂದಾಗಿ ತೊಟ್ಟು ಉಳಿಯುವಂತೆ ಕಿತ್ತೆ, ನೆಟ್ಟಗೆ ಎದ್ದ ಕೊಂಬೆಗಳನ್ನು ಸುತಳಿಯಿಂದ ಅಡ್ಡಕ್ಕೆ ಬಾಗಿಸಿ ಕಟ್ಟಿದೆ. ಫೆಬ್ರುವರಿಯಲ್ಲಿ ಎರಡು ಗೊಂಚಲು ಹೂ ಬಂತು, ಹನ್ನೊಂದು ಹೂ. ಮೆತ್ತನೆಯ ಕುಂಚದಿಂದ ಪರಾಗ ಮುಟ್ಟಿಸಿದೆ. ಮೂರು ಕಾಯಿ ಕಚ್ಚಿದವು, ಎರಡು ಮೇ ತಿಂಗಳ ಬಿಸಿಗಾಳಿಗೆ ಉದುರಿದವು. ಉಳಿದ ಒಂದನ್ನು ಆಗಸ್ಟ್ ಮೊದಲ ವಾರ ಮಳೆ ನಿಂತ ಒಂದು ಬೆಳಗ್ಗೆ ಅಂಗೈಯಲ್ಲಿ ಹಿಡಿದು ಅಮ್ಮಾಜಿ ಕಲಿಸಿದಂತೆ ಮೆಲ್ಲನೆ ಅಡ್ಡಕ್ಕೆ ಎತ್ತಿದೆ. ತೊಟ್ಟು ಬಿಡಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಎತ್ತಿದಾಗ ಸದ್ದಿಲ್ಲದೆ ಕೈಗೆ ಬಂತು.